ಮೀನಿನ ತಾತನ ಕಳ್ಳಬಲೆ

ಮೀನಿನ ತಾತನ ಬಲಗೈ ತೋರುಬೆರಳಿನಲ್ಲಿ ಅಡ್ಡಲಾಗಿ ಒಂದು ಆಳವಾದ ಗೀರಿತ್ತು. ಬಲೆಯ ಹಗ್ಗ ಉಜ್ಜಿ ಉಜ್ಜಿ ಆದದ್ದು. ಬೀಡಿಯನ್ನು ಆ ಗೀರಿನಲ್ಲೇ ಕೂರಿಸಿಕೊಂಡು, "ದೇವ್ರು ಕೊಟ್ಟಿರೋ ಸ್ಟ್ಯಾಂಡು ಗೌಡ್ರೇ" ಎಂದು ನಗುತ್ತಿದ್ದ.

ಅನುಗೊಂಡನಹಳ್ಳಿ ಕಡೆಯ ನಮ್ಮೂರ ಕೆರೆಯ ಮೀನಿನ ಗುತ್ತಿಗೆ ಅವನದೇ ಆಗಿತ್ತು, ಹರಾಜಿನಲ್ಲಿ ಅದನ್ನು ನಾನು ಹಿಡಿಯುವವರೆಗೆ. ನನಗೆ ಈಜು ಬರುವುದಿಲ್ಲ, ಕಾಟ್ಲಾ ಯಾವುದು ರೋಹು ಯಾವುದು ತಿಳಿಯದು. ಹಠಕ್ಕೆ ಬಿದ್ದು ಕೂಗಿದ್ದೆ. ಆಮೇಲೆ ತಾತ ಸಿಕ್ಕಾಗಲೆಲ್ಲ, "ಬಲೆ ಅಟ್ಟಕ್ಕೆ ಹಾಕ್ಬಿಟ್ಟೆ. ನಿಮ್ಮ ಮೀನುಂಟು ನೀವುಂಟು" ಎನ್ನುತ್ತಿದ್ದ. ಅವನ ಮನೆಯಿಂದ ಮಾತ್ರ ವಾರಕ್ಕೆ ಮೂರು ದಿನ ಮೀನುಸಾರಿನ ಘಮ ಬರುತ್ತಿತ್ತು. ಕೇಳಿದರೆ, "ಪ್ಯಾಟೆಯಿಂದ ತಂದಿದ್ದು" ಎಂದು ಕಣ್ಣು ಮಿಟುಕಿಸದೆ ಹೇಳುವ ಭೂಪ!

ಆ ದಿನ ಕತ್ತಲಾಗಿ ಒಂದು ಗಂಟೆಯೂ ಆಗಿರಲಿಲ್ಲ. ತರಬೇತಿಯ ಪುಟ್ಟ ವಿಮಾನವೊಂದು ಕೆಮ್ಮುತ್ತ ತೋಪಿನ ಮೇಲೆ ತೀರಾ ಕೆಳಗೆ ಬಂತು. ಅದರ ದೀಪ ವಾಲಿತು. ಧಡ್! ಕೆರೆಯ ನೀರು ಏರಿಗೆ ಬಂದು ಬಡಿಯಿತು. ಊರಿಗೆ ಊರೇ ಏರಿಯ ಮೇಲೆ ಸೇರಿತು. ಬೈಕುಗಳ ಲೈಟು, ಟ್ರಾಕ್ಟರ್ ಲೈಟು, ಕೂಗಾಟ, ಮೂಗಿಗೆ ಅಡರುವ ಪೆಟ್ರೋಲ್ ವಾಸನೆ. ಅರ್ಧ ಕೆರೆ ಜೊಂಡು. ಎಲ್ಲಿ ಬಿತ್ತೆಂದರೆ ಹತ್ತು ಜನ ಹತ್ತು ಕಡೆ ಕೈ ತೋರಿಸಿದರು.

ತಾತ ಜನರನ್ನು ತಳ್ಳಿಕೊಂಡು ಬಂದ. "ಲೈಟ್ ಆರ್ಸ್ರೋ, ಕಣ್ಣು ಕುಕ್ತೈತೆ! ಬಾಯ್ ಮುಚ್ಚ್ರೋ!" ನನ್ನ ರಟ್ಟೆ ಹಿಡಿದು ತೂಬಿನ ಬಳಿಗೆ ಎಳೆದೊಯ್ದ. ಜಾಲಿಯ ಬೇರಿಗೆ ನೀರಿನೊಳಗೇ ಕಟ್ಟಿ ಬಚ್ಚಿಟ್ಟಿದ್ದ ಎರಡು ಹಗ್ಗಗಳ ತುದಿ ತೆಗೆದ.

"ಎರಡು ಬಲೆ ಬಿಟ್ಟಿದ್ದೀನಿ ಗೌಡ್ರೇ. ಆಮ್ಯಾಕೆ ಬೈಕಳಿ."

ಒಂದೊಂದೇ ಹಗ್ಗವನ್ನು ಬೆರಳಿನ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದ. "ಎಡಗಡೇದ್ರಾಗೆ ಭಾರವಾಗಿ ಏನೋ ಕುಂತೈತೆ, ಅಲ್ಲಾಡ್ತಿಲ್ಲ. ಬಲಗಡೇದು ಜಗ್ತಾ ಐತೆ."

"ಮೀನಿರ್ಬೇಕು ತಾತ!"

"ಮೀನು ಜಗ್ಗಿ ಬಿಡ್ತದೆ. ಇದು ಬಿಡ್ತಾ ಇಲ್ಲ, ಹಿಡ್ಕೊಂಡೈತೆ. ಹತ್ತಿ ಹರಿಗೋಲು!"

ಹತ್ತಿಯೇಬಿಟ್ಟೆ, ಈಜು ಬಾರದ ನಾನು! ತಾತ ಹುಟ್ಟು ಮುಟ್ಟಲಿಲ್ಲ. ಹಗ್ಗವನ್ನೇ ಎಳೆಎಳೆದು ಕತ್ತಲಲ್ಲಿ ಹರಿಗೋಲನ್ನು ಓಡಿಸಿದ. ನಾನು ಅಂಚನ್ನು ಬಿಗಿಯಾಗಿ ಹಿಡಿದು ಕೂತೆ. ಬಲೆ ಮುಳುಗದಿರಲೆಂದು ಕಟ್ಟಿದ್ದ ಹಳೆಯ ಹವಾಯಿ ಚಪ್ಪಲಿಗಳ ನಡುವೆ ಒಂದು ಮುಖ ಕಂಡಿತು. ವಿಮಾನ ಕಲಿಯುತ್ತಿದ್ದ ಹುಡುಗಿ. ಕೂಗಲು ತ್ರಾಣವಿರಲಿಲ್ಲ, ಹಗ್ಗ ಮಾತ್ರ ಬಿಟ್ಟಿರಲಿಲ್ಲ.

"ಬಂದ್ವಿ ಕಣವ್ವಾ, ಬಂದ್ವಿ!"

ಅವಳನ್ನು ಹರಿಗೋಲಿಗೆ ಎಳೆದುಕೊಂಡಾಗ ನಾನು ಖುಷಿಗೆ ಊರೆಲ್ಲ ಕೇಳುವಂತೆ ಕಿರುಚಿದೆ.

"ಸರ್ ಒಳಗಿದ್ದಾರೆ" ಎಂದಳು ಹುಡುಗಿ. ಅವಳನ್ನು ದಡಕ್ಕೆ ಬಿಟ್ಟವನೇ ತಾತ ಎಡಗಡೆಯ ಹಗ್ಗ ಹಿಡಿದು ಮತ್ತೆ ಹೋದ, ಎಷ್ಟೋ ಸಲ ಮುಳುಗಿದ. ಅವಳಿಗೆ ಕಲಿಸುತ್ತಿದ್ದವರ ದೇಹ ಬೆಳಿಗ್ಗೆ ಸಿಕ್ಕಿತು. "ಮೊದ್ಲು ಎಡಕ್ಕೇ ಹೋಗಿದ್ರೆ?" ಎಂದು ತಾತ ಆಮೇಲೆ ಎಷ್ಟೋ ಬಾರಿ ಕೇಳಿದ. ಹೋಗಿದ್ದರೆ ಇವಳೂ ಉಳಿಯುತ್ತಿರಲಿಲ್ಲ ಎಂದು ನಾನೂ ಅಷ್ಟೇ ಸಲ ಹೇಳಿದೆ.

ಬಲೆ ಯಾರದೆಂದು ಪೊಲೀಸರು ಕೇಳಿದಾಗ ತಾತ ತಲೆ ತಗ್ಗಿಸಿದ. ಅವನಿಗೆ ಕಳ್ಳನೆಂಬ ಹೆಸರು ಬರಬಾರದೆಂದು "ನಂದೇ" ಎಂದುಬಿಟ್ಟೆ. ಹುಡುಗಿಯನ್ನು ಉಳಿಸಿದ್ದು ಆ ಬಲೆಯೇ ಎಂದು ಸನ್ಮಾನದಲ್ಲಿ ಹಾರ, ಶಾಲು ಎಲ್ಲ ನನಗೇ ಬಿದ್ದವು. ತಾತ ಕೊನೆಯ ಸಾಲಿನಲ್ಲಿ ಕೂತು ಶಿಳ್ಳೆ ಹೊಡೆದ.

ಹೋದ ಬೇಸಿಗೆಯಲ್ಲಿ ತಾತ ತೀರಿಕೊಂಡ. ಆ ಹುಡುಗಿಯೂ ಬಂದಿದ್ದಳು. ಈಗ ಅವಳೇ ವಿಮಾನ ಹಾರಿಸುವುದನ್ನು ಕಲಿಸುತ್ತಾಳೆ. ಎಲ್ಲರೆದುರು ನನ್ನ ಕಾಲು ಮುಟ್ಟಲು ಬಗ್ಗಿದಳು. ತಡೆದು, ಬಲೆ ನನ್ನದಲ್ಲ, ತಾತನದು ಎಂದೆ. ಅಷ್ಟಕ್ಕೆ ಸುಮ್ಮನಾಗಲು ಆಗಲಿಲ್ಲ. ವಿಮಾನ ಬಿದ್ದ ದಿನ ಬೆಳಿಗ್ಗೆಯೇ ನಾನು ಆ ಕಳ್ಳಬಲೆಗಳನ್ನು ನೋಡಿದ್ದೆ. ಮಾರನೆಯ ದಿನ ಕತ್ತರಿಸಿ ಸುಟ್ಟುಹಾಕಲು ಆಳುಗಳಿಗೆ ಹೇಳಿಟ್ಟಿದ್ದೆ. ಅದನ್ನೂ ಅವಳಿಗೆ ಹೇಳಿದೆ. ತಾತನಿಗೆ ಹೇಳುವ ಧೈರ್ಯ ಮಾತ್ರ ಅವನು ಬದುಕಿರುವಷ್ಟು ದಿನವೂ ನನಗೆ ಬರಲಿಲ್ಲ.