ದೊಡ್ಡಮ್ಮನ ಹೊಲಿಗೆ ಮಷೀನೂ ನನ್ನ ದುಬಾರಿ ಮೈಕೂ

ನನ್ನ ಹತ್ತಿರ ಈಗ ನೊಣ ಉಸಿರಾಡಿದರೂ ಹಿಡಿದುಕೊಳ್ಳುವ ಮೈಕ್ ಇದೆ. ಇದು ನನ್ನ ಮಾತಲ್ಲ, ಮಾರಿದ ಅಂಗಡಿಯವನ ಮಾತು. ನೊಣಗಳೇನೋ ಬಂದು ಹೋಗುತ್ತಿರುತ್ತವೆ. ಯಾರಿಗಾಗಿ ಅದನ್ನು ಕೊಂಡೆನೋ ಆ ದೊಡ್ಡಮ್ಮ ಹಾಡುವುದನ್ನು ನಿಲ್ಲಿಸಿ ಎಂಟು ತಿಂಗಳಾಯಿತು. ನಿಲ್ಲಿಸಿದವನು ನಾನೇ.

ದೊಡ್ಡಮ್ಮ ಎಂದರೆ ಅಮ್ಮನ ಅಕ್ಕ. ನಾನೂ ಅಮ್ಮನೂ ಮಹಡಿಯ ಮೇಲೆ, ಅವಳು ಕೆಳಗೆ. ಕೆಳಗಿನ ಮುಂಗೋಣೆಯಲ್ಲಿ ಮೂವತ್ತೆಂಟು ವರ್ಷದಿಂದ ಅವಳ ಹೊಲಿಗೆ ಅಂಗಡಿ. ಹೊಸ ಬಟ್ಟೆ ಮುಟ್ಟುವುದಿಲ್ಲ, ಬರೀ ಆಲ್ಟ್ರೇಷನ್. "ಹೊಸದನ್ನ ಯಾರು ಬೇಕಾದ್ರೂ ಹೊಲೀತಾರೆ. ಹಳೇ ಪ್ಯಾಂಟನ್ನ ಹೊಸ ಹೊಟ್ಟೆಗೆ ಹೊಂದಿಸೋದಿದೆಯಲ್ಲ, ಅದು ವಿದ್ಯೆ" ಅನ್ನುತ್ತಾಳೆ. ಸೊಂಟ ಸಣ್ಣ ಮಾಡುವಾಗ ಹೆಚ್ಚಾದ ಬಟ್ಟೆಯನ್ನು ಕತ್ತರಿಸುವ ಪದ್ಧತಿ ಅವಳಲ್ಲಿಲ್ಲ. ಒಳಗೇ ಮಡಚಿ ಹೊಲಿಗೆ ಹಾಕಿಬಿಡುತ್ತಾಳೆ. ಒಮ್ಮೆ ಬ್ಯಾಂಕಿನ ಗುಮಾಸ್ತರೊಬ್ಬರು, "ಅದನ್ನ ಕತ್ತರಿಸಿ ಬಿಸಾಕಿ ಅಮ್ಮ, ಒಳಗೆ ಚುಚ್ಚುತ್ತೆ" ಅಂದರು.

"ಇರ್ಲಿ ಬಿಡಪ್ಪ. ನೀನು ಎಷ್ಟು ದಿನ ಸಣ್ಣಗಿರ್ತೀಯ ಅಂತ ನಂಗೊತ್ತು."

ವರ್ಷ ತುಂಬುವ ಮೊದಲೇ ಅದೇ ಪ್ಯಾಂಟು ಹಿಡಿದು, ಹಲ್ಲು ಕಿರಿಯುತ್ತ ಗುಮಾಸ್ತರು ಬಾಗಿಲಲ್ಲಿ ನಿಂತಿದ್ದರು.

ಕೆಲಸಕ್ಕೆ ಕೂತಳೆಂದರೆ ಹಾಡು ಶುರು. ಕಾಲಿನಲ್ಲಿ ತುಳಿಯುವ ಹಳೇ ಮಷೀನು ಅದು. ಅದರ ಚಕ್ರ ಎಲ್ಲೋ ಒಂದು ಕಡೆ ಸೊಟ್ಟಗಾಗಿ, ಸುತ್ತಿಗೊಮ್ಮೆ ತುಸು ತಡವರಿಸಿ ಮುಂದೆ ಹೋಗುತ್ತಿತ್ತು. ಬಾಯಲ್ಲಿ ಗುಂಡುಪಿನ್ನು ಕಚ್ಚಿಕೊಂಡಿರುವಷ್ಟು ಹೊತ್ತು ಬರೀ ಗುನುಗು. ಪಿನ್ನುಗಳನ್ನು ಡಬ್ಬಿಗೆ ಉದುರಿಸಿದ ಮೇಲೆ ಮಾತು ಹೊರಡುತ್ತಿತ್ತು. ಅತ್ತಿಗೆಯ ಉಪ್ಪಿನ ಡಬ್ಬಿ ಬಚ್ಚಿಟ್ಟ ನಾದಿನಿಯ ಹಾಡು, ಬಾವಿಯ ಹಗ್ಗ ತಿರುಗಿ ಬೈಯುವ ಹಾಡು, ನಿದ್ದೆ ಬಾರದ ಮಗುವನ್ನು ಮಲಗಿಸುತ್ತ ತಾನೇ ಮೊದಲು ನಿದ್ದೆಹೋಗುವ ತಾಯಿಯ ಹಾಡು. ಎಲ್ಲ ಸೇರಿ ಹನ್ನೊಂದು. ಇವೆಲ್ಲ ನಮ್ಮ ಅಜ್ಜಿ ಕಟ್ಟಿದ ಹಾಡುಗಳು. ದೊಡ್ಡಮ್ಮ ಹತ್ತೊಂಬತ್ತನೇ ವಯಸ್ಸಿಗೆ ಮಷೀನು ಕೊಂಡಾಗ ಅಜ್ಜಿ ಪಕ್ಕದಲ್ಲಿ ಕೂತು ಗುಂಡಿ ಹಾಕಿಕೊಡುತ್ತ, ತುಳಿತಕ್ಕೆ ಸರಿಯಾಗಿ ಒಂದೊಂದೇ ಹೇಳಿಕೊಟ್ಟಿದ್ದಳಂತೆ.

ಒಂದು ಭಾನುವಾರ ಅಮ್ಮ ನನ್ನನ್ನು ಕೂರಿಸಿಕೊಂಡು ಹೇಳಿದಳು: "ನಂಗೆ ಒಂದೊಂದ್ರಲ್ಲೂ ಮೊದಲನೇ ಸಾಲು ಬಿಟ್ಟು ಏನೂ ನೆನಪಿಲ್ಲ ಕಣೋ. ಇನ್ನು ಅವುಗಳು ಇರೋದು ಅವಳ ಬಾಯಲ್ಲಿ ಮಾತ್ರ. ಸಂಬಳ ಬಂದಾಗೆಲ್ಲ ಹೆಡ್‌ಫೋನು, ಸ್ಪೀಕರು ಅಂತ ತಂದು ತುಂಬ್ತೀಯಲ್ಲ, ಇದನ್ನೊಂದು ಹಿಡಿದಿಡು."

ನಾನು ಅವತ್ತೇ ಕೆಳಗಿಳಿದೆ. ದೊಡ್ಡಮ್ಮ ಮಷೀನು ನಿಲ್ಲಿಸದೆಯೇ, "ಹಿಡ್ಕೊಳಪ್ಪ. ಆ ಫೋನು ಇಲ್ಲಿ ಕತ್ತರಿ ಪಕ್ಕ ಇಡು, ಹಾಡ್ತೀನಿ" ಅಂದಳು.

"ಫೋನಲ್ಲಾ? ಛೆ, ಕ್ವಾಲಿಟಿ ಬರಲ್ಲ ದೊಡ್ಡಮ್ಮ."

"ಹಾಡು ಬರುತ್ತಲ್ಲೋ, ಪಂಡಿತ?"

ಆ ಹೆಸರು ಅವಳು ಇಟ್ಟದ್ದು. ಅವತ್ತು ಅದನ್ನು ಬಿರುದು ಅಂದುಕೊಂಡಿದ್ದೆ.

ನನ್ನ ನೌಕರಿ ಲಿಫ್ಟ್ ಕಂಪನಿಯ ದೂರು ವಿಭಾಗದಲ್ಲಿ. ಮಹಡಿಗಳ ನಡುವೆ ಸಿಕ್ಕಿಬಿದ್ದವರಿಗೆ "ಗಾಬರಿ ಆಗ್ಬೇಡಿ, ನಮ್ಮ ಮೆಕ್ಯಾನಿಕ್ ಹೊರಟಾಯ್ತು" ಎಂದು ಹೇಳುವುದು ಕೆಲಸ. ಮೆಕ್ಯಾನಿಕ್ ಆಗಿನ್ನೂ ಟೀಗೆ ಹೇಳಿರುತ್ತಾನೆ. ದೊಡ್ಡಮ್ಮನಿಗೂ ಎರಡು ವರ್ಷ ಅದನ್ನೇ ಹೇಳಿದೆ. ಮೈಕು ನೋಡ್ತಿದೀನಿ, ಇನ್ನೇನು ಬಂದೇಬಿಡ್ತು.

ನೋಡಿದ್ದೂ ನೋಡಿದ್ದೇ. ಬಿಡುವಿನಲ್ಲೆಲ್ಲ ಮೈಕುಗಳನ್ನು ಹೋಲಿಸುವ ವಿಡಿಯೋ. ಒಂದರಲ್ಲಿ ಧ್ವನಿ ಬೆಚ್ಚಗಿದೆ ಅನ್ನುವರು, ಇನ್ನೊಂದರಲ್ಲಿ ಗಾಳಿಯಾಡುತ್ತದೆ ಅನ್ನುವರು. ನನಗೆ ಎರಡೂ ಒಂದೇ ಥರ ಕೇಳುತ್ತಿತ್ತು, ಆದರೂ ತಲೆದೂಗುತ್ತಿದ್ದೆ. ಮೈಕು ಒಳ್ಳೆಯದಾದರೆ ಅದರ ಸಣ್ಣ ದನಿಯನ್ನು ಎತ್ತಿಕೊಡುವ ಪೆಟ್ಟಿಗೆಯೂ ಒಳ್ಳೆಯದಾಗಬೇಕು, ಪೆಟ್ಟಿಗೆ ಒಳ್ಳೆಯದಾದರೆ ಕೋಣೆಯೂ ಒಳ್ಳೆಯದಾಗಬೇಕು. ಹೀಗೆ ಅಂಗಡಿಯ ಹಿಂದಿನ ಕೋಣೆಯಲ್ಲಿದ್ದ ಹಾಸಿಗೆ, ಟ್ರಂಕುಗಳು ಮಹಡಿ ಹತ್ತಿದವು. ಸದ್ದು ತಡೆಯಲೆಂದು ಗೋಡೆಗೆಲ್ಲ ಬೂದು ಬಣ್ಣದ ಫೋಮ್ ಅಂಟಿಸಿದೆ. "ಏನೋ ಇದು, ಮೊಟ್ಟೆ ಟ್ರೇ ಒಳಗೆ ಕೂತ ಹಾಗಿದೆ" ಎಂದು ದೊಡ್ಡಮ್ಮ ನಕ್ಕಳು. ನನಗೆ ಸಿಟ್ಟು ಬಂತು.

ಅಂಗಡಿಯವನು ಕೊನೆಗೆ ಆ ನೊಣದ ಮೈಕನ್ನೇ ಎರಡು ದಿನದ ಮಟ್ಟಿಗೆ ಪರೀಕ್ಷೆಗೆಂದು ಕೊಟ್ಟ. "ಮೊದಲು ಕೋಣೆಯ ಗಲಾಟೆ ಎಷ್ಟಿದೆ ಅಂತ ಅಳೀರಿ ಸಾರ್" ಅಂದ. ಅಳೆದೆ. ಹಿಂದಿನ ಕೋಣೆಯಲ್ಲಿ, ಮುಂಗೋಣೆಯಲ್ಲಿ, ಬಾಗಿಲು ತೆರೆದು, ಮುಚ್ಚಿ. ಹಾಕಿದ ಫೋಮೆಲ್ಲ ವ್ಯರ್ಥ, ಎಲ್ಲಿಟ್ಟರೂ ದೊಡ್ಡಮ್ಮನ ಮಷೀನು ಗಡಗಡ ಅನ್ನುತ್ತಿತ್ತು. ಮೈಕಿಗೆ ಮನಸೋತೆ, ಮಷೀನಿಗೆ ಶತ್ರುವಾದೆ.

ಮೈಕು ಕೊಂಡ ತಿಂಗಳೇ ಅವಳನ್ನು ಫೋಮಿನ ಕೋಣೆಯಲ್ಲಿ ಕೂರಿಸಿದೆ. ಮೆತ್ತನೆಯ ಕುರ್ಚಿ. "ಕಾಲು ಆಡಿಸ್ಬೇಡ, ಅದೂ ಕೇಳುತ್ತೆ" ಎಂದು ಎಚ್ಚರಿಸಿದೆ. ನಾದಿನಿಯ ಹಾಡು ಎರಡು ಸಾಲು ಹೋಗಿ ನಿಂತಿತು.

"ಮುಂದೆ?"

"ಬರ್ತಿಲ್ಲ ಕಣೋ. ಕೆಲಸಕ್ಕೆ ಕೂತ್ರೆ ಬರುತ್ತೆ."

ಇಲ್ಲಿ ಬುದ್ಧಿವಂತನಾದವನು ಮೈಕನ್ನು ಎತ್ತಿಕೊಂಡು ಹೋಗಿ ಮಷೀನಿನ ಪಕ್ಕ ಇಡುತ್ತಿದ್ದ. ನಾನು ಪಂಡಿತ. ಸದ್ದೇ ಇಲ್ಲದ ಮೋಟಾರು ಮಷೀನು ಹುಡುಕಿದೆ. ಹಳೆಯದನ್ನು ಕೊಟ್ಟರೆ ಹೊಸದನ್ನು ಮನೆಗೇ ತಂದು ಕೂರಿಸಿಕೊಡುತ್ತೇನೆ ಅಂದ ಅದನ್ನು ಮಾರುವವನು. ದೊಡ್ಡಮ್ಮ ಮಷೀನಿನ ಮೇಲೆ ಕೈಯಿಟ್ಟಳು.

"ಇದನ್ನ ಕೊಡ್ಲೇಬೇಕೇನೋ?"

"ನಿನ್ನ ಮಂಡಿಗೂ ಒಳ್ಳೇದು, ದೊಡ್ಡಮ್ಮ. ಕೂತು ಕೆಲಸಾನೂ ಮಾಡಬಹುದು, ಹಾಡೂ ಸ್ವಚ್ಛವಾಗಿ ಬರುತ್ತೆ."

"ಹೆಚ್ಚಾಯ್ತು ಅಂತ ಕತ್ತರಿಸಿಬಿಡ್ತೀಯ ನೀನು" ಅಂದಳು. ಆಮೇಲೆ ಎಣ್ಣೆ ಬಟ್ಟೆ ತಂದು ಮಷೀನನ್ನೆಲ್ಲ ಒರೆಸಿ ಕಳಿಸಿಕೊಟ್ಟಳು.

ಹೊಸ ಮಷೀನು ಹೇಳಿದಂತೆಯೇ ಇತ್ತು, ಪಿಸುಮಾತಿನಷ್ಟೂ ಸದ್ದಿಲ್ಲ. ಹೊಲಿಗೆ ನೀಟಾಗಿ ಬಂತು. ಹಾಡು ಮಾತ್ರ ಬರಲಿಲ್ಲ. ರೂಢಿಯಾಗಲಿ ಎಂದು ಒಂದು ವಾರ ಕಾದೆ, ಎರಡು ತಿಂಗಳು ಕಾದೆ. ಗುನುಗೂ ಇಲ್ಲ. ಅಂಗಡಿಗೆ ಬಂದವರು "ಹುಷಾರಿಲ್ವಾ ಅಮ್ಮ?" ಎಂದು ಕೇಳತೊಡಗಿದರು.

"ಬಾಯಿಗೆ ಏನಾಗಿಲ್ಲ" ಎಂದು ಒಂದು ದಿನ ಅವಳೇ ನನಗೆ ಬಿಡಿಸಿ ಹೇಳಿದಳು. "ಕಾಲಿಗೆ ಕೆಲಸ ಇಲ್ಲ. ಆ ಸೊಟ್ಟ ಚಕ್ರ ತಡವರಿಸ್ತಿತ್ತಲ್ಲ, ಅಲ್ಲಿ ಉಸಿರು ತಗೋತಿದ್ದೆ. ಮುಂದಿನ ಸಾಲು ಅಲ್ಲಿಂದ ಏಳ್ತಿತ್ತು. ನಂಗೂ ಈಗಲೇ ಗೊತ್ತಾಗಿದ್ದು, ನೀನೇನು ಮಾಡ್ತೀಯ?"

ಮಷೀನು ಮಾರುವವನ ಹತ್ತಿರ ಓಡಿದೆ. ಮೇಲಿನ ಭಾಗವೂ ಚಕ್ರವೂ ಗುಜರಿಗೆ ಹೋಗಿದ್ದವು. ಕೆಳಗಿನ ಕಬ್ಬಿಣದ ಕಾಲು ಒಂದು ಕಾಫಿ ಅಂಗಡಿಯಲ್ಲಿ ಮೇಜಾಗಿತ್ತು. ಅಲ್ಲಿಗೂ ಹೋದೆ. ಗಾಜಿನ ಹಲಗೆಯ ಕೆಳಗೆ ಅದೇ ಪೆಡಲ್ಲು, ಗಿರಾಕಿಗಳ ಕಾಲಿಗೆ ಅಲುಗದಂತೆ ಬೆಸುಗೆ ಹಾಕಿದ್ದರು. ನಾನು ತುಳಿದು ನೋಡುತ್ತಿದ್ದುದನ್ನು ಕಂಡು ಅಂಗಡಿಯಾಕೆ, "ಅಂದಕ್ಕೆ ಇಟ್ಟಿದ್ದು ಸರ್, ಅದು ತಿರುಗಲ್ಲ" ಅಂದಳು.

ಅಂಥದೇ ಇನ್ನೊಂದು ಹಳೇ ಮಷೀನು ಹುಡುಕಿ ತಂದೆ. ದೊಡ್ಡಮ್ಮ ನನ್ನ ಸಪ್ಪೆ ಮುಖ ನೋಡಲಾರದೆ ಕೂತು ತುಳಿದಳು. ಬಾವಿ ಹಗ್ಗದ ಹಾಡು ಅರ್ಧ ಬಂತು, ನಾದಿನಿಯದು ಮತ್ತೆರಡು ಸಾಲು. "ಇದರ ನಡಿಗೆ ಬೇರೆ ಕಣೋ. ಬೇರೆಯವರ ಚಪ್ಪಲಿ ಹಾಕ್ಕೊಂಡ ಹಾಗಿದೆ." ಆಮೇಲೆ ನನ್ನ ತಲೆ ಸವರಿದಳು. ಬೈದಿದ್ದರೆ ಒಳ್ಳೆಯದಿತ್ತು.

ಮೊನ್ನೆ ಕಂಪ್ಯೂಟರಿನಲ್ಲಿ ಜಾಗ ಸಾಲದೆ ಹಳೆಯದನ್ನೆಲ್ಲ ಅಳಿಸುತ್ತಿದ್ದಾಗ 'ಗಲಾಟೆ ನಾಲ್ಕು' ಎಂಬ ಫೈಲು ಸಿಕ್ಕಿತು. ಪರೀಕ್ಷೆಗೆ ತಂದ ಆ ಎರಡು ದಿನಗಳಲ್ಲಿ, ಮುಂಗೋಣೆಯಲ್ಲಿ, ಸದ್ದು ಅಳೆಯಲೆಂದು ಹಿಡಿದದ್ದು. ಅಮ್ಮನನ್ನೂ ದೊಡ್ಡಮ್ಮನನ್ನೂ ಫೋಮಿನ ಕೋಣೆಗೆ ಕರೆದು ಅದನ್ನು ಕೇಳಿಸಿದೆ.

ಮೊದಲು ಮಷೀನು. ಗಡಗಡ, ತುಸು ತಡ, ಮತ್ತೆ ಗಡಗಡ. ಅದರ ಮೇಲೆ ದೊಡ್ಡಮ್ಮನ ಗುನುಗು, ಬಾಯ್ತುಂಬ ಪಿನ್ನು. "ಅಯ್ಯೋ, ಇದು ಮಗು ಮಲಗಿಸೋ ಹಾಡು. ಅಮ್ಮನ ಕೊನೇ ಹಾಡು, ಮೊದಲನೇ ಸಾಲು ಬಿಟ್ಟು ಇದೂ ನಂಗೆ ಬರಲ್ಲ" ಅಂದಳು ಅಮ್ಮ. ನಾನು ದೊಡ್ಡಮ್ಮನ ಕಾಲು ನೋಡಿದೆ. ಚಪ್ಪಲಿ ಬಿಟ್ಟ ಪಾದಗಳು ನೆಲವನ್ನು ತುಳಿಯುತ್ತಿದ್ದವು.

"ಸ್ವಲ್ಪ ತಡಿ, ಪಿನ್ನು ತೆಗೀತೀನಿ ನೋಡೀಗ" ಅಂದಳು ದೊಡ್ಡಮ್ಮ ಕಣ್ಣು ಮುಚ್ಚಿಕೊಂಡೇ.

ಡಬ್ಬಿಯಲ್ಲಿ ಪಿನ್ನುಗಳು ಉದುರಿದವು. ಒಂದೊಂದೂ ಕೇಳಿತು, ಮೈಕು ಅಷ್ಟು ಒಳ್ಳೆಯದು. ಚಕ್ರ ತಡವರಿಸಿತು. ಅವಳು ಉಸಿರು ಎಳೆದುಕೊಂಡದ್ದೂ ಕೇಳಿತು. ಅಷ್ಟರಲ್ಲಿ ತೀರಾ ಹತ್ತಿರದಿಂದ, ಬೆಚ್ಚಗೆ, ಒಂದು ಅಕ್ಷರವೂ ಮಸುಕಾಗದೆ ನನ್ನ ದನಿ ಬಂತು:

"ದೊಡ್ಡಮ್ಮ, ಒಂದ್ನಿಮಿಷ ನಿಲ್ಸು. ಗಲಾಟೆ ಬರ್ತಿದೆ."