ನಂಜುಂಡನ ಹಲ್ಲಿನ ನಡುವಿನ ಹಳದಿ ಚೂರು

ಅಥವಾ ಅದು ಮೈಸೂರುಪಾಕೇ ಆಗಿರಲಿಲ್ಲವೇನೋ. ನಂಜುಂಡನ ಹಲ್ಲುಗಳ ನಡುವೆ ಹಳದಿಯದೇನೋ ಇತ್ತು, ಅಷ್ಟು ಮಾತ್ರ ಖಂಡಿತ. ಖಂಡಿತ ಅಂದದ್ದನ್ನೂ ವಾಪಸ್ ತೆಗೆದುಕೊಳ್ಳಬೇಕಾಗಬಹುದು.

ಇವತ್ತು ಬೆಳಿಗ್ಗೆ ಬಲ್ಬಿನ ವೈರ್‌ಗೆ ಸುತ್ತಲು ಹಳದಿ ಟೇಪು ತಂದು ಸ್ಟೂಲು ಹತ್ತಿದೆ. ಕತ್ತರಿ ಮರೆತಿದ್ದೆ. ಹಲ್ಲಿನಿಂದ ಕಚ್ಚಿ ಹರಿದೆ. ಅಂಟಿನ ವಾಸನೆ ಮೂಗಿಗೆ ಹತ್ತಿದ್ದೇ ತಡ, ಹಾಗೇ ನಿಂತುಬಿಟ್ಟೆ. ನೀವು ನೋಡಿದ್ದರೆ ನಗುತ್ತಿದ್ದಿರಿ: ಬಾಯಲ್ಲಿ ಟೇಪು ಕಚ್ಚಿಕೊಂಡು, ಕೆಳಗಿಳಿಯುವುದನ್ನೇ ಮರೆತ ರಿಟೈರ್ಡ್ ಸೂಪರ್‌ವೈಸರ್.

ನಾನು ಕೆಲಸಕ್ಕಿದ್ದದ್ದು ಪೀಣ್ಯದ ಒಂದು ಪ್ರೆಸ್ ಶಾಪಿನಲ್ಲಿ. ತಗಡು ಹೊಡೆದು ವಾಷರ್ ಮಾಡುತ್ತಿದ್ದೆವು. ನಂಜುಂಡ ಆಪರೇಟರ್, ಮಧ್ಯಾಹ್ನ ನಾನೂ ಅವನೂ ಡಬ್ಬಿ ಹಂಚಿಕೊಂಡು ತಿನ್ನುತ್ತಿದ್ದೆವು. ಮೂರನೇ ಪ್ರೆಸ್ಸಿನಲ್ಲಿ ಮಂಜ ಎಂಬ ಆಪರೇಟರನ ಎರಡು ಬೆರಳು ಹೋದ ಮೇಲೆ ಅದರ ಮುಂದೆ ಕೂರಲು ಯಾರೂ ಒಪ್ಪಲಿಲ್ಲ. ಡ್ಯೂಟಿ ಬೋರ್ಡಿನಲ್ಲಿ ಅದರ ಎದುರು ನಂಜುಂಡನ ಹೆಸರು ಬರೆದವನು ನಾನು.

"ನನ್ನೇ ಯಾಕ್ ಹಾಕ್ದೆ ಗುರು?"

"ನಿನ್ ಕೈ ನಡುಗಲ್ಲ ಕಣೋ, ಅದಕ್ಕೆ."

ಅವನಿಗೆ ಮೊದಲೇ ಸಕ್ಕರೆ ಕಾಯಿಲೆ, ಮಾತ್ರೆಯಲ್ಲಿ ಹತೋಟಿಯಲ್ಲಿತ್ತು. ಮೂರನೇ ಪ್ರೆಸ್ಸಿಗೆ ಹೋದ ಮೇಲೆ ಏರತೊಡಗಿತು. ಮೊದಲೇ ಏರತೊಡಗಿತ್ತೋ ಏನೋ. ನನ್ನ ನೆನಪು ಇನ್ನೂ ಸೂಪರ್‌ವೈಸರ್ ಕೆಲಸ ಬಿಟ್ಟಿಲ್ಲ, ಎಲ್ಲವನ್ನೂ ತನಗೆ ಬೇಕಾದ ಸಾಲಿನಲ್ಲಿ ನಿಲ್ಲಿಸುತ್ತದೆ.

ಒಂದು ದಿನ ಅವನ ಹೆಂಡತಿ ಗೌರಿ ಗೇಟಿನ ಹತ್ತಿರ ಬಂದಳು. "ಅಣ್ಣ, ಮನೇಲಿ ಒಂದ್ ಚಮಚ ಸಕ್ಕರೆ ಇಟ್ಟಿಲ್ಲ ನಾನು. ಇಲ್ಲೇ ಏನೋ ತಿಂತವ್ರೆ. ಒಸಿ ಕಣ್ಣಿಟ್ಟಿರಿ."

ಕಣ್ಣಿಡುವುದೇ ನನ್ನ ಉದ್ಯೋಗ. ವಾರದೊಳಗೆ ನೋಡಿಯೂಬಿಟ್ಟೆ: ಪ್ರೆಸ್ಸಿನ ಹಿಂದೆ ಅರೆಬೆನ್ನು ತಿರುಗಿಸಿ ನಿಂತಿದ್ದಾನೆ, ಹಲ್ಲಿನ ನಡುವೆ ಹಳದಿ ಚೂರು. ಹಿಂದಿನ ದಿನ ಯಾರೋ ಮಗು ಹುಟ್ಟಿತೆಂದು ಮೈಸೂರುಪಾಕು ಹಂಚಿದ್ದರು. ಗೌರಿಗೆ ಹೇಳಿದೆ. ಊಟದ ಹೊತ್ತಿಗೆ ಎಲ್ಲರ ಮುಂದೆ ಅವನಿಗೂ ಹೇಳಿದೆ.

"ಏನ್ ಮಗಾ, ಮೈಸೂರುಪಾಕ್ ಅರಗ್ತಾ?"

"ತಿಂದಿಲ್ಲ ಕಣೋ. ನನ್ ಮಗಳಾಣೆ."

ಆಣೆ ಕೇಳಿ ಇನ್ನೂ ಜೋರಾಗಿ ನಕ್ಕೆವು. ಮರುದಿನದಿಂದ ಅವನು ನಲ್ಲಿಯ ಪಕ್ಕ ಒಬ್ಬನೇ ಕೂತು ಸೌತೆಕಾಯಿ ತಿನ್ನತೊಡಗಿದ. ಅನ್ನ ಬಿಟ್ಟ, ಮುದ್ದೆ ಬಿಟ್ಟ. ಅವನು ಇಳಿದುಹೋದ, ಸಕ್ಕರೆ ಇಳಿಯಲಿಲ್ಲ. ಕಾಲಿನಲ್ಲಿ ಆದ ಗಾಯ ಮಾಯಲಿಲ್ಲ. ಕಾಲು ತೆಗೆದರು. ಆಮೇಲೆ ಹೆಚ್ಚು ದಿನ ಉಳಿಯಲಿಲ್ಲ.

ಈಗ ನನಗೂ ಸಕ್ಕರೆ. ಹೋದ ತಿಂಗಳು ಡಾಕ್ಟರಮ್ಮ ಚೀಟಿಯ ಹಿಂದೆ ಚಿತ್ರ ಬರೆದು ತೋರಿಸಿದರು. "ಇದು ಮೇದೋಜೀರಕ ಗ್ರಂಥಿ, ಇನ್ಸುಲಿನ್ ಬರೋದು ಇಲ್ಲಿಂದ. ಇದಕ್ಕೆ ತಲೆಯಿಂದ ನರಗಳ ಮೂಲಕ ಸುದ್ದಿ ಬರತ್ತೆ. ಊಟದ ವಾಸನೆ ಬಂದ್ರೆ, ತುತ್ತು ಒಳಗೆ ಹೋಗೋ ಮುಂಚೆನೇ ಒಂದು ನರ 'ಬಿಡು' ಅನ್ನತ್ತೆ. ಹೆದರಿಕೆ ಆದ್ರೆ ಇನ್ನೊಂದು 'ತಡಿ' ಅನ್ನತ್ತೆ."

"ಏನೂ ತಿನ್ನದೇ ಇದ್ರೂ ಸಕ್ಕರೆ ಏರತ್ತಾ ಮೇಡಂ?"

"ಏರಬಹುದು."

"ದಿನಾ ಎಂಟು ಗಂಟೆ ಹೆದರ್ತಾ ಕೂತ್ರೆ?"

ನಂಜುಂಡನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ಅದರಿಂದಲೇ ಆಯ್ತು ಅಂತ ಹೇಳಕ್ಕಾಗಲ್ಲ ಸಾರ್. ಬೇರೆ ಎಷ್ಟೋ ಕಾರಣ ಇರತ್ತೆ."

ಸಮಾಧಾನಕ್ಕೆ ಅಂದಿರಬೇಕು. ಆದರೆ ಅಂದಿನಿಂದ ಆ ಪ್ರೆಸ್ಸು ನನ್ನ ಕಿವಿಯಲ್ಲಿ ಹೊಡೆಯುತ್ತಲೇ ಇದೆ. ಒಂದೊಂದು ಏಟಿಗೂ ನಂಜುಂಡನ ಒಳಗೆ ಒಂದು ನರ 'ತಡಿ, ತಡಿ' ಅನ್ನುತ್ತಿದ್ದಿರಬಹುದು. ಆ ಸದ್ದಿನಲ್ಲಿ ಯಾರಿಗೆ ಕೇಳುತ್ತದೆ?

ತಗಡಿನ ಅಂಚು ಕೊಯ್ಯದಿರಲೆಂದು ಆಪರೇಟರುಗಳು ಬೆರಳಿಗೆ ಟೇಪು ಸುತ್ತುತ್ತಿದ್ದರು. ಹಲ್ಲಿನಿಂದಲೇ ಹರಿಯುತ್ತಿದ್ದರು. ಹಳದಿ ಟೇಪೇ? ಕಪ್ಪು ಟೇಪು ಚೆನ್ನಾಗಿ ನೆನಪಿದೆ. ಹಳದಿಯದನ್ನು ಇವತ್ತು ಸ್ಟೂಲಿನ ಮೇಲೆ ನಿಂತು ನಾನೇ ಅವನ ಬಾಯಿಗೆ ಇಟ್ಟೆನೇನೋ.

ಅದು ಮೈಸೂರುಪಾಕೇ ಆಗಿರಲಿ ಎಂದು ಈಗಲೂ ಬೇಡಿಕೊಳ್ಳುತ್ತೇನೆ, ನಾಚಿಕೆಯಿಲ್ಲದೆ. ತಿಂದಿದ್ದರೆ ತಪ್ಪು ಅವನದು. ತಿಂದಿರದಿದ್ದರೆ ಬೋರ್ಡಿನ ಮೇಲಿದ್ದ ಅಕ್ಷರ ನನ್ನದು.

ವೈರ್‌ಗೆ ಟೇಪು ಸುತ್ತಿ ಕೆಳಗಿಳಿದೆ. ಬಲ್ಬು ಹತ್ತಿತು. ಅವನ ಹಲ್ಲಿನ ನಡುವೆ ಏನಿತ್ತೋ, ನನಗೆ ಗೊತ್ತಿಲ್ಲ.