ಹೊರಳುವಷ್ಟು ಜಾಗ

ನಮ್ಮ ಚಿಕ್ಕಮ್ಮನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ಹಾಗಂತ ಸುಮ್ಮಸುಮ್ಮನೆ ಕೂಗಾಡುವವಳಲ್ಲ. ಯುದ್ಧನೌಕೆಗಳನ್ನು ರಿಪೇರಿ ಮಾಡುವ ಡಾಕ್‌ಯಾರ್ಡಿನಲ್ಲಿ ನಾವಿಕರ ಹಾಸಿಗೆ ಹೊಲಿಯುವುದು ಅವಳ ಕೆಲಸ. ಹತ್ತೊಂಬತ್ತು ವರ್ಷ ಅದೇ ತಗಡಿನ ಶೆಡ್ಡು, ಅದೇ ದಪ್ಪ ಸೂಜಿಯ ಮಿಷನ್ನು, ಆದರೂ ಕೆಲಸ ಖಾಯಂ ಆಗಿರಲಿಲ್ಲ. ಕೊರಳಲ್ಲಿ ಸದಾ ಅಳತೆ ಟೇಪು ನೇತಾಡುತ್ತಿದ್ದುದರಿಂದ ಎಲ್ಲರೂ ಅವಳನ್ನು ‘ಇಂಚಮ್ಮ’ ಎನ್ನುತ್ತಿದ್ದರು.

ಹಡಗಿನಲ್ಲಿ ನಾವು ಮಲಗುವ ಕೋಣೆ ಹೇಗಿರುತ್ತದೆಂದು ನೋಡದವರಿಗೆ ಹೇಳಬೇಕು, ನಾನೂ ನಾವಿಕನೇ. ಮನೆಯ ಹಾಲ್‌ಗಿಂತ ಒಂದಿಷ್ಟು ದೊಡ್ಡ ಜಾಗದಲ್ಲಿ ಮೂವತ್ತಾರು ಜನ. ಒಂದರ ಮೇಲೊಂದು ಮೂರು ಕಬ್ಬಿಣದ ಮಂಚ, ತಲೆಯ ಮೇಲೆ ಗಾಳಿಯ ಕೊಳವೆ, ಮಂಚಕ್ಕೊಂದು ಪರದೆ, ಒಂದು ಪುಟ್ಟ ದೀಪ. ತಿಂಗಳುಗಟ್ಟಲೆ ಅಲ್ಲೇ ಹರಟೆ, ಅಲ್ಲೇ ಜಗಳ, ಅಲ್ಲೇ ಮನೆಯ ನೆನಪು. ಪರದೆ ಎಳೆದುಕೊಂಡ ಮೇಲೆ ಆ ಆರಡಿ ಮಾತ್ರ ನಮ್ಮ ಸ್ವಂತದ್ದು.

ಹೊಸ ಹಾಸಿಗೆ ಒಪ್ಪಿಸುವ ಮುಂಚೆ ಚಿಕ್ಕಮ್ಮ ಹಡಗಿಗೆ ಹೋಗಿ, ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಮಂಚದಲ್ಲಿ ತಾನೇ ಮಲಗಿ ಎಡಕ್ಕೂ ಬಲಕ್ಕೂ ಹೊರಳಿ ನೋಡುತ್ತಿದ್ದಳು. ಸಲೀಸಾಗಿ ಹೊರಳಲು ಆದರೆ ಮಾತ್ರ ಒಪ್ಪಿಗೆಯ ಕಾಗದಕ್ಕೆ ಸಹಿ. ಆ ಸಹಿ ಇಲ್ಲದೆ ಕೋಣೆಗೆ ಜನ ಬರುವಂತಿರಲಿಲ್ಲ.

ಆ ವರ್ಷ ನಮ್ಮದೇ ಹಡಗು ರಿಪೇರಿಗೆ ಬಂತು. ಇನ್ನೂ ಹನ್ನೆರಡು ಜನರನ್ನು ತುರುಕಬೇಕಿತ್ತು. ಹೊಸ ಇಂಜಿನಿಯರ್ ಮೂರು ಮಂಚ ಇದ್ದ ಕಡೆ ನಾಲ್ಕು ಕೂರಿಸಿದ್ದ. ಚಿಕ್ಕಮ್ಮ ಎರಡನೆಯದರಲ್ಲಿ ಮಲಗಿ ಹೊರಳಲು ಹೋದಳು. ಭುಜ ಮೇಲಿನ ಕಬ್ಬಿಣಕ್ಕೆ ಸಿಕ್ಕಿಕೊಂಡಿತು. ಮಲಗಿದಲ್ಲೇ ಟೇಪು ಹಿಡಿದು ಹಾಸಿಗೆಯಿಂದ ಮೇಲಿನ ಕಬ್ಬಿಣದವರೆಗೆ ಅಳೆದಳು.

“ಕಾಗದದಲ್ಲಿ ಹತ್ತೊಂಬತ್ತು ಇಂಚು ಅಂತಿದೆ. ಇಲ್ಲಿರೋದು ಹದಿನೈದು. ಕಬ್ಬಿಣದಿಂದ ಕಬ್ಬಿಣಕ್ಕೆ ಅಳೆದಿದ್ದೀರಲ್ಲ ಸಾರ್, ನಾಲ್ಕಿಂಚಿನ ಹಾಸಿಗೆ ಯಾರ ತಲೆ ಮೇಲೆ ಹಾಕ್ಲಿ?”

ಇಂಜಿನಿಯರ್ ಮುಖ ಕೆಂಪಾಯಿತು. “ಹಾಸಿಗೇನ ಎರಡು ಇಂಚಿಗೆ ಇಳಿಸಿ, ಅಷ್ಟೇ. ಇದಕ್ಕೆಲ್ಲ ಯಾಕಮ್ಮ ರಾದ್ಧಾಂತ?”

“ಆಗ ಕಬ್ಬಿಣ ಸೊಂಟಕ್ಕೆ ಒತ್ತುತ್ತೆ. ಹೊರಳೋಕೆ ಆಗಲೂ ಆಗಲ್ಲ. ಭುಜಾನೇ ಹದಿನೆಂಟು ಇಂಚು ಇರುತ್ತೆ.”

“ಅವರೇನು ಮಕ್ಕಳಾ? ಅಂಗಾತ ಮಲಗ್ತಾರೆ.”

“ಹೆಣ ಮಲಗೋದು ಅಂಗಾತ,” ಎಂದಳು ಚಿಕ್ಕಮ್ಮ, ಕಡ್ಡಿ ತುಂಡು ಮಾಡಿದ ಹಾಗೆ.

ಮೇಲ್ವಿಚಾರಕ ಓಡಿ ಬಂದ. “ಇಂಚಮ್ಮ, ಸಹಿ ಹಾಕ್ಬಿಡಿ. ಮುಂದಿನ ತಿಂಗಳು ನಿಮ್ಮ ಕೆಲಸ ಖಾಯಂ ಆಗೋದಿದೆ. ಯಾಕೆ ನಿಮ್ಮ ಅನ್ನಕ್ಕೆ ನೀವೇ ಕಲ್ಲು ಹಾಕ್ಕೊಳ್ತೀರಾ?”

ಅಲ್ಲೇ ನಿಂತಿದ್ದ ನನಗೂ ಹೆದರಿಕೆಯಾಯಿತು. “ಚಿಕ್ಕಮ್ಮ, ಬಿಡು, ನಮಗೆ ಅಭ್ಯಾಸ ಆಗುತ್ತೆ,” ಎಂದೆ. ಹೇಳಿದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ.

“ನಿಮಗೆ ಅಭ್ಯಾಸ ಆಗ್ಲಿ ಅಂತಾನೇ ಇವರು ಕಾಯ್ತಿರೋದು. ಬಾಯ್ಮುಚ್ಕೊಂಡು ನಿಂತ್ಕೋ!” ಎಂದು ಗದರಿ, ಎಲ್ಲರಿಗೂ ಕೇಳುವಂತೆ ಹೇಳಿದಳು: “ಸಹಿ ಬೇಕಾದೋರು ಬಂದು ಇಲ್ಲಿ ಒಂದು ಸಲ ಹೊರಳಿ ತೋರಿಸಿ. ಅಲ್ಲೀವರೆಗೂ ನಾನು ಏಳಲ್ಲ.” ಪರದೆ ಎಳೆದುಕೊಂಡಳು.

ಬೆಳಿಗ್ಗೆ ಹತ್ತಕ್ಕೆ ಮಲಗಿದವಳು ಜಪ್ಪಯ್ಯ ಅಂದರೂ ಏಳಲಿಲ್ಲ. ಬೈದರು, ಬೇಡಿಕೊಂಡರು. ಊಟದ ಹೊತ್ತೂ ಮೀರಿತು. ವೆಲ್ಡರುಗಳು ಕೆಲಸ ಬಿಟ್ಟು ಬಾಗಿಲಲ್ಲಿ ಗುಂಪುಗೂಡಿದರು. “ಇಂಚಮ್ಮ, ಗೊರಕೆ ಕೇಳಿಸ್ತಾ ಇಲ್ಲ!” ಎಂದು ಒಬ್ಬ ರೇಗಿಸಿದ. “ಗೊರಕೆ ಹೊಡೆಯೋಕೂ ಜಾಗ ಬೇಕಲ್ಲಪ್ಪ!” ಎಂದು ಒಳಗಿನಿಂದ ಉತ್ತರ ಬಂತು.

ಮಧ್ಯಾಹ್ನ ಮೂರಕ್ಕೆ ಕ್ಯಾಪ್ಟನ್ ಬಂದರು. ಟೋಪಿ ತೆಗೆದು, ಪಕ್ಕದ ಸಾಲಿನ ಮಂಚಕ್ಕೆ ತೂರಿಕೊಂಡು ಹೊರಳಲು ನೋಡಿದರು. ಆಗಲಿಲ್ಲ. ಹೊರಗೆ ಬರುವುದಕ್ಕೇ ಇಬ್ಬರು ಕಾಲು ಹಿಡಿದು ಎಳೆಯಬೇಕಾಯಿತು. “ಮೂರೇ ಇರಲಿ. ನಾಲ್ಕನೇದನ್ನ ಕಿತ್ತುಹಾಕಿ,” ಎಂದು ಹೇಳಿ ಹೋದರು. ನನಗೆ ಕುಣಿಯಬೇಕು ಅನ್ನಿಸಿತು.

ಆದರೆ ಹಡಗಿನ ಮೇಲೆ ಕ್ಯಾಪ್ಟನ್ ಮಾತು ನಡೆದರೆ, ಡಾಕ್‌ಯಾರ್ಡಿನಲ್ಲಿ ಆಫೀಸಿನವರ ಮಾತು. ಅವಳನ್ನು ಕರೆಸಿ, ಕೆಲಸ ನಿಲ್ಲಿಸಿದ್ದಕ್ಕೆ ಕ್ಷಮಾಪಣೆ ಬರೆದುಕೊಟ್ಟರೆ ಖಾಯಂ, ಇಲ್ಲದಿದ್ದರೆ ಮನೆಗೆ ಎಂದರು. ನಾನು ಅವಳ ಜೊತೆಗೇ ಹೋಗಿದ್ದೆ. ಮೇಜಿನ ಮೇಲೆ ಬಿಳಿ ಹಾಳೆ ಇಟ್ಟರು. ಚಿಕ್ಕಮ್ಮ ನನ್ನ ಜೇಬಿನ ಪೆನ್ನು ಕಿತ್ತುಕೊಂಡು, ಕೂರದೆ, ನಿಂತೇ ಬರೆದಳು:

“ಹಾಸಿಗೆ ಮರೆತು ಅಳತೆ ತೆಗೆದವರನ್ನು ನಾನು ಕ್ಷಮಿಸಿದ್ದೇನೆ.”

ಕೆಳಗೆ ಉದ್ದಕ್ಕೆ ಸಹಿ ಹಾಕಿದಳು. ಆ ಡಾಕ್‌ಯಾರ್ಡಿನಲ್ಲಿ ಅವಳು ಹಾಕಿದ ಕೊನೆಯ ಸಹಿ ಅದೇ.